ಎರಡು ಮೊಳ ಪುಷ್ಪ

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆಲ್ಲ ಒಂದು ಅಂಕದ ಆ ಪ್ರಶ್ನೆ ನೆನಪಿರುತ್ತದೆ. ‘ಹೂವು’ ಪದಕ್ಕೆ ಸಮಾನಾರ್ಥಕ ಪದಗಳನ್ನು ಬರೆಯಿರಿ. ಪುಷ್ಪ, ಕುಸುಮ, ಸುಮ ಎಂದು ಗೀಚಿ ಮುಂದಿನ ಪ್ರಶ್ನೆಗೆ ಹಾರುವುದು. ಇದಕ್ಕೆ ಬಾಯಿಪಾಠದ ಅಗತ್ಯವೇ ಇರಲಿಲ್ಲ. ನಮ್ಮ ಕ್ಲಾಸಿನಲ್ಲಿ ಎಡಕ್ಕೆ ತಿರುಗಿದರೆ ಪುಷ್ಪ, ಅವಳ ಪಕ್ಕದಲ್ಲಿ ಕುಸುಮ, ಹಿಂದಿನ ಬೆಂಚಿನಲ್ಲಿ ಸುಮ. ಹಾಜರಿ ಪುಸ್ತಕವೇ ನಮಗೆ ನಿಘಂಟು. ಪ್ರಶ್ನೆಪತ್ರಿಕೆಯ ಪ್ರಕಾರ ಮೂವರೂ ಒಂದೇ. ಆದರೆ ಕುಸುಮಳ ಜಡೆ ಎಳೆದು ಸುಮಳ ಹತ್ತಿರ ಕ್ಷಮೆ ಕೇಳಿದರೆ ನಡೆಯುವುದಿಲ್ಲ ಎಂಬುದು ಕ್ಲಾಸಿನ ಅತಿ ದಡ್ಡ ಹುಡುಗನಿಗೂ ಗೊತ್ತಿತ್ತು.

ಸಮಾನಾರ್ಥಕ ಪದಗಳು ಪರೀಕ್ಷೆಯ ಹಾಲ್‌ನಲ್ಲಿ ಮಾತ್ರ ಸಮಾನ. ಬೀದಿಗಿಳಿದರೆ ಒಂದೊಂದಕ್ಕೂ ಒಂದೊಂದು ವಿಳಾಸ, ಒಂದೊಂದು ಗತ್ತು. ನಮ್ಮ ಬಡಾವಣೆಯಲ್ಲಿ ನಿವೃತ್ತ ಸಂಸ್ಕೃತ ಮೇಷ್ಟ್ರೊಬ್ಬರಿದ್ದಾರೆ. ಮಾತಾಡಿದರೆ ಮಂತ್ರ ಹೇಳಿದಂತಿರುತ್ತದೆ. ಒಂದು ಶುಕ್ರವಾರ ದೇವಸ್ಥಾನದ ಮುಂದಿನ ಹೂವಿನವಳ ಹತ್ತಿರ ಹೋಗಿ, “ಅಮ್ಮಾ, ಎರಡು ಮೊಳ ಪುಷ್ಪ ಕೊಡು” ಅಂದರಂತೆ. ಅವಳು ತಲೆ ಎತ್ತದೆ, “ಪುಷ್ಪ ನಮ್ ನಾದ್ನಿ ಕಣ್ ಸ್ವಾಮಿ. ಜ್ವರ ಅಂತ ಇವತ್ತು ಬಂದಿಲ್ಲ. ಹೂವ ಬೇಕಾದ್ರೆ ನನ್ತಾವ್ಲೇ ತಕ್ಕಳಿ” ಅಂದಳಂತೆ. ಮೇಷ್ಟ್ರು ಎರಡು ಮೊಳ ಹೂವನ್ನೇ ತಂದರು.

ನಾದಿನಿಯ ಹೆಸರಾದ ಪುಷ್ಪ ಬೇರೆ ಕಡೆಯೆಲ್ಲ ದೊಡ್ಡ ದೊಡ್ಡ ಸಮಾರಂಭಗಳ ಪದ. ಮೈಸೂರು ದಸರೆಯ ದಿನ ಅಂಬಾರಿಯ ಚಾಮುಂಡೇಶ್ವರಿಗೆ ಮುಖ್ಯಮಂತ್ರಿಗಳು ಮಾಡುವುದು ಪುಷ್ಪಾರ್ಚನೆ. ಅವರು ಎಸೆಯುವುದು ಹೂವನ್ನೇ, ಆದರೆ ಪತ್ರಿಕೆಯವರು ‘ಹೂ ಹಾಕಿದರು’ ಎಂದು ಬರೆದರೆ ಶಿಷ್ಟಾಚಾರಕ್ಕೆ ಭಂಗ. ಲಾಲ್‌ಬಾಗಿನಲ್ಲಿ ಗಣರಾಜ್ಯೋತ್ಸವಕ್ಕೂ ಸ್ವಾತಂತ್ರ್ಯ ದಿನಕ್ಕೂ ನಡೆಯುವುದು ‘ಫಲಪುಷ್ಪ ಪ್ರದರ್ಶನ’. ಬ್ಯಾನರಿನಲ್ಲಿ ಹಾಗಿರುತ್ತದೆ, ನೋಡಲು ಹೋಗುವವರ ಬಾಯಲ್ಲಿ ಅದು ‘ಫ್ಲವರ್ ಶೋ’. ಸಂಸ್ಕೃತದಲ್ಲಿ ಏರ್ಪಾಡಾಗಿ ಇಂಗ್ಲಿಷಿನಲ್ಲಿ ಜನ ಸೇರುವ ಆ ಜಾತ್ರೆಯಲ್ಲಿ ಕನ್ನಡದ ಹೂವಿಗೆ ಉಳಿದಿರುವ ಜಾಗ ಗೇಟಿನ ಹೊರಗೆ, ಮೊಳ ಹಾಕಿ ಮಾರುವವರ ಬುಟ್ಟಿಯಲ್ಲಿ. 2021ರಲ್ಲಿ ತೆಲುಗು ಸಿನಿಮಾವೊಂದು ಬಂದ ಮೇಲಂತೂ ಪುಷ್ಪ ಎಂದರೆ ಹೆಗಲು ಓರೆ ಮಾಡಿ ಗಡ್ಡ ಸವರುವ ಗಂಡಸು ಎಂದು ಮಕ್ಕಳು ತಿಳಿದಿದ್ದಾರೆ. ರಾಜ್ಯದ ಎಲ್ಲ ಪುಷ್ಪಾ ಆಂಟಿಯರೂ ಇದನ್ನು ಸಹನೆಯಿಂದ ನುಂಗಿಕೊಂಡಿದ್ದಾರೆ.

ಕುಸುಮ ಕವಿಗಳಿಗೂ ಹೆಣ್ಣುಮಕ್ಕಳ ಹೆಸರಿಗೂ ಸರಿ. ಸುಮ ಅದಕ್ಕಿಂತ ಹಗುರ. ಕಾಡಿನಲ್ಲಿ ಯಾರಿಗೂ ಕಾಣದೆ ಅರಳುವ ಹೂವಿನ ಮೇಲೆ ಡಿ.ವಿ.ಜಿ. ಬರೆದಾಗ ಅದು ‘ವನಸುಮ’ವಾಯಿತು. ‘ಕಾಡುಹೂ’ ಅಂದಿದ್ದರೆ ಅರ್ಥ ಅಷ್ಟೇ ಇರುತ್ತಿತ್ತು, ಆದರೆ ಶಾಲೆಯಲ್ಲಿ ಅದನ್ನು ಪ್ರಾರ್ಥನೆಯಾಗಿ ಹಾಡಲು ಕೈ ಮುಗಿದು ನಿಂತ ಮಕ್ಕಳಲ್ಲಿ ಇಬ್ಬರಾದರೂ ಕಿಟಕಿಯ ಹೊರಗೆ ನೋಡುತ್ತಿದ್ದರು. ಪ್ರಸೂನವಂತೂ ಕಾವ್ಯ ಬಿಟ್ಟು ಹೊರಗೆ ಕಾಲಿಟ್ಟಿಲ್ಲ. ಇನ್ನು ಸುಮನಸ್ ಎಂಬುದಕ್ಕೆ ಒಂದು ಮೈಯಲ್ಲಿ ಮೂರು ವೇಷ. ಸಂಸ್ಕೃತದ ಪದಕೋಶವಾದ ಅಮರಕೋಶದಲ್ಲಿ ದೇವತೆಗಳ ಪಟ್ಟಿಯಲ್ಲಿ ಒಮ್ಮೆ, ಹೂವಿನ ಪಟ್ಟಿಯಲ್ಲಿ ಇನ್ನೊಮ್ಮೆ, ಜಾಜಿಯ ಹೆಸರಾಗಿ ಮತ್ತೊಮ್ಮೆ ಬರುತ್ತದೆ. ಅಂದರೆ ಜಾಜಿ ಹೂವನ್ನು ದೇವರಿಗೆ ಏರಿಸಿದರೆ, ಸುಮನಸ್ಸಿಗೆ ಸುಮನಸ್ಸಾದ ಸುಮನಸ್ಸನ್ನು ಏರಿಸಿದಂತೆ. ಆ ಕೋಶದಲ್ಲಿ ಶಿವನಿಗೆ 40ಕ್ಕೂ ಹೆಚ್ಚು ಹೆಸರು ಕೊಟ್ಟ ಅಮರಸಿಂಹ ಹೂವಿಗೆ ಕೊಟ್ಟಿದ್ದು ಐದೇ. ಅದರಲ್ಲೂ ಒಂದು ಹೀಗೆ ಮೂರು ಪಾಳಿಯಲ್ಲಿ ದುಡಿಯುತ್ತದೆ.

ಇವೆಲ್ಲ ಬರುವ ಮೊದಲೇ ನಮ್ಮ ಮನೆಯಲ್ಲಿ ಇದ್ದದ್ದು ‘ಪೂ’. ಜೊತೆಗೆ ‘ಅಲರ್’ ಎಂಬ ಇನ್ನೊಂದು. ಅದು ಹೂವೂ ಹೌದು, ಅರಳುವ ಕೆಲಸವೂ ಹೌದು. ಪಂಪನ ಕಾಲಕ್ಕೆ ಪೂ ಇನ್ನೂ ಪೂ ಆಗಿಯೇ ಇತ್ತು. ಬನವಾಸಿಯ ತೋಟದಲ್ಲಿ ಮರಿದುಂಬಿಯಾಗಿಯೋ ಕೋಗಿಲೆಯಾಗಿಯೋ ಹುಟ್ಟಬೇಕೆಂದು ಅವನು ಆಸೆಪಟ್ಟಿದ್ದು ಆ ಪೂಗಳ ನಡುವೆ. ಆಮೇಲೆ ಕನ್ನಡಿಗರ ತುಟಿಗಳಿಗೆ ಏನೋ ಆಲಸ್ಯ ಬಂತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಳ್ಳಿ ಹಳ್ಳಿಯಾಯಿತು, ಪೂ ಹೂವಾಯಿತು. ‘ಪ’ ಅನ್ನಲು ತುಟಿ ಎರಡೂ ಸೇರಬೇಕು, ‘ಹ’ಕ್ಕೆ ಬಾಯಿ ತೆರೆದು ಉಸಿರು ಬಿಟ್ಟರೆ ಮುಗಿಯಿತು. ತಮಿಳರು, ಮಲಯಾಳಿಗಳು, ತುಳುವರು, ಕೊಡವರು ಇಂದಿಗೂ ಆ ಕಷ್ಟ ಪಟ್ಟು ‘ಪೂ’ ಅನ್ನುತ್ತಾರೆ. ನಾವು ಮಾತ್ರ ಉಸಿರಲ್ಲೇ ಕೆಲಸ ಮುಗಿಸಿದೆವು. ಹವ್ಯಕರು ಅದಕ್ಕೆ ಬಾಲ ಹಚ್ಚಿ ‘ಹೂಗು’ ಮಾಡಿಕೊಂಡರು. ಹಳೇ ಮೈಸೂರಿನ ಹಳ್ಳಿಗಳಲ್ಲಿ ಆ ‘ಹ’ವೂ ಭಾರವೆನಿಸಿ ‘ಊವ’ ಎಂದಾಯಿತು. ಪೂ, ಹೂ, ಊ! ಪಕಳೆಗಳು ಒಂದೊಂದಾಗಿ ಉದುರಿದ ಹಾಗೆ ಅಕ್ಷರ ಉದುರುತ್ತಾ ಬಂದಿದೆ. ಇನ್ನೊಂದು ಸಾವಿರ ವರ್ಷಕ್ಕೆ ಏನೂ ಅನ್ನದೆ ಮೂಗಿನ ಹತ್ತಿರ ಕೈ ತಂದರೂ ಅರ್ಥವಾದೀತು.

ಇಷ್ಟೆಲ್ಲ ಉದುರಿದರೂ ಒಂದು ಕಡೆ ಹಳೆಯ ಪೂ ಗಟ್ಟಿಯಾಗಿ ಕೂತಿದೆ ಎಂಬ ವಾದ ಉಂಟು. ‘ಪೂಜೆ’ ಎಂಬ ಸಂಸ್ಕೃತ ಮಾತಿಗೆ ಮೂಲವೇ ದ್ರಾವಿಡದ ಪೂ ಎಂದು ಕೆಲವು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಪೂ ಎಂದರೆ ಹೂ, ಅದರ ಮುಂದೆ ‘ಗೆಯ್’ ಎಂದರೆ ಮಾಡು. ಹೂವಿನಿಂದ ಮಾಡುವ ಕೆಲಸವೇ ಪೂಜೆ. ವಿದ್ವಾಂಸ ಸುನೀತಿಕುಮಾರ ಚಟರ್ಜಿಯವರು ಈ ಮಾತಿನ ಪರವಾಗಿದ್ದರು. ಅಲ್ಲ, ಅದು ಬಳಿಯುವುದು ಎಂಬರ್ಥದ ‘ಪೂಸು’ವಿನಿಂದ ಬಂದದ್ದು, ಕುಂಕುಮ-ಗಂಧ ಬಳಿಯುವುದೇ ಪೂಜೆ ಎನ್ನುವವರೂ ಇದ್ದಾರೆ. ಹೂವೋ ಗಂಧವೋ, ಜಗಳ ಪೂಜೆಯ ತಟ್ಟೆಯೊಳಗೇ ಇದೆ ಎಂಬುದು ಸಮಾಧಾನ. ನನಗೆ ಹೂವಿನ ಪಕ್ಷವೇ ಇಷ್ಟ. ನಮ್ಮ ಪೂ ಉತ್ತರಕ್ಕೆ ಹೋಗಿ, ಜನಿವಾರ ಹಾಕಿಕೊಂಡು ಮರಳಿ ಬಂದಾಗ ನಾವು ಗುರುತು ಹಿಡಿಯದೆ ಕಾಲಿಗೆ ಬಿದ್ದೆವು ಎಂದುಕೊಳ್ಳುವುದರಲ್ಲಿ ಒಂದು ಸುಖವಿದೆ. ಮರಳಿ ಬಂದ ಪದವಾದ್ದರಿಂದಲೇ ಅದು ‘ಹೂಜೆ’ ಆಗದೆ ಪಾರಾಯಿತು. ಆಗಿದ್ದರೆ ನೀರಿನ ಹೂಜಿಗೂ ದೇವರ ಹೂಜೆಗೂ ಗೊಂದಲವಾಗಿ, ಎಷ್ಟು ಮನೆಗಳಲ್ಲಿ ದೇವರು ಬಾಯಾರಿ ಕೂರುತ್ತಿದ್ದನೋ.

ನಿಘಂಟಿನ ನೆರೆಹೊರೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಫರ್ಡಿನೆಂಡ್ ಕಿಟ್ಟೆಲ್ 1894ರಲ್ಲಿ ಕನ್ನಡಕ್ಕೆ ದೊಡ್ಡ ನಿಘಂಟು ಕೊಟ್ಟರು. ಆದರೆ ನಿಘಂಟು ಎಷ್ಟೇ ದೊಡ್ಡದಾದರೂ ಅಕಾರಾದಿಯ ನಿಯಮಕ್ಕೆ ಮರ್ಯಾದೆ ಗೊತ್ತಿಲ್ಲ. ಯಾವ ಕನ್ನಡ ನಿಘಂಟು ತೆರೆದು ‘ಹೂವು’ ನೋಡಿ ಸ್ವಲ್ಪ ಕೆಳಗೆ ಕಣ್ಣು ಹಾಯಿಸಿದರೂ ಸಿಗುವುದು ‘ಹೂಸು’. ಅದರ ಅರ್ಥವನ್ನು ಇಲ್ಲಿ ಬಿಡಿಸಬೇಕಾಗಿಲ್ಲ. ಎರಡಕ್ಕೂ ಹರಡಲು ಗಾಳಿ ಬೇಕು, ಎರಡೂ ಎಲ್ಲಿಂದ ಬಂತೆಂದು ಜನ ತಲೆ ತಿರುಗಿಸಿ ನೋಡುತ್ತಾರೆ. ಒಂದನ್ನು ‘ನಮ್ಮನೆಯದು’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ ಎಂಬುದಷ್ಟೇ ವ್ಯತ್ಯಾಸ.

ಪದ ಒಂದೇ ಆದರೂ ಅದರ ಹಿಂದೆ ಬರುವ ಕ್ರಿಯಾಪದ ಊರಿಂದೂರಿಗೆ ಬದಲಾಗುತ್ತದೆ. ಕರಾವಳಿಯಲ್ಲಿ ಹೂ ಕೊಯ್ಯುತ್ತಾರೆ. ಧಾರವಾಡದ ಕಡೆ ಹೂ ಹರಿಯುತ್ತಾರೆ. ಮೈಸೂರಿನಲ್ಲಿ ಬಿಡಿಸುತ್ತಾರೆ, ಅವಸರವಿದ್ದರೆ ಕೀಳುತ್ತಾರೆ. ಮಂಗಳೂರಿನಿಂದ ಬಂದ ಸೊಸೆ “ಅತ್ತೆ, ಹೂ ಕೊಯ್ದು ತರುತ್ತೇನೆ” ಅಂದರೆ, ಮೈಸೂರಿನ ಅತ್ತೆಗೆ ಕತ್ತಿಯೇ ಕಣ್ಣಮುಂದೆ ಬರುತ್ತದೆ. ಹುಬ್ಬಳ್ಳಿಯ ಬೀಗರು “ಹೂವ ಹರಕೊಂಡ ಬರ್ರಿ” ಅಂದಾಗ ಅದೇ ಅತ್ತೆ ಗಿಡದ ಗತಿ ಮುಗಿಯಿತೆಂದು ಹಿತ್ತಿಲಿಗೆ ಓಡುತ್ತಾಳೆ. ಕೊನೆಗೆ ಮೂವರ ಬುಟ್ಟಿಯಲ್ಲೂ ಇರುವುದು ಅದೇ ದಾಸವಾಳ. ಪಾರಿಜಾತಕ್ಕೆ ಮಾತ್ರ ಈ ತಂಟೆಯಿಲ್ಲ. ಅದನ್ನು ಕೊಯ್ಯುವಂತಿಲ್ಲ, ಹರಿಯುವಂತಿಲ್ಲ. ರಾತ್ರಿ ಅರಳಿ ಬೆಳಗಾಗುವುದರೊಳಗೆ ತಾನೇ ಉದುರುವುದನ್ನು ಆಯ್ದುಕೊಳ್ಳುವುದು. ನೆಲಕ್ಕೆ ಬಿದ್ದದ್ದನ್ನು ದೇವರಿಗೆ ಏರಿಸಬಾರದೆಂಬ ನಿಯಮದಿಂದ ಅದಕ್ಕೆ ವಿನಾಯಿತಿಯೂ ಉಂಟು.

ಇನ್ನೊಂದು ಕ್ರಿಯಾಪದವನ್ನು ಬಾಯಿಬಿಟ್ಟು ಯಾರೂ ಬಳಸುವುದಿಲ್ಲ, ಅದು ‘ಕದಿಯುವುದು’. ಬೆಳಗಿನ ಐದೂವರೆಗೆ ವಾಕಿಂಗ್ ಹೊರಡುವವರ ಕೈ ನೋಡಿ. ಒಂದರಲ್ಲಿ ಪ್ಲಾಸ್ಟಿಕ್ ಕವರು, ಇನ್ನೊಂದರಲ್ಲಿ ಕೊಕ್ಕೆ ಕಟ್ಟಿದ ಕೋಲು. ಕಾಂಪೌಂಡಿನಿಂದ ಹೊರಗೆ ಬಾಗಿದ ಕೊಂಬೆ ಸಾರ್ವಜನಿಕ ಆಸ್ತಿ ಎಂಬುದು ಅವರ ಕಾನೂನು. ಕೊಂಬೆ ಬಾಗದಿದ್ದರೆ ಬಾಗಿಸುವುದಕ್ಕೇ ಕೊಕ್ಕೆ ಇರುವುದು. ಮನೆಯವರು ಬಾಗಿಲು ತೆರೆದರೆ ಅಂಜುವುದಿಲ್ಲ, “ದೇವರಿಗೆ ಸಾರ್” ಅನ್ನುತ್ತಾರೆ. ಕದ್ದ ಹೂವಿನ ಪೂಜೆಯ ಅರ್ಧ ಪುಣ್ಯ ಗಿಡದ ಒಡೆಯನಿಗೆ ಎಂಬ ಮಾತೊಂದಿದೆ. ಇದನ್ನು ಹೊಸೆದವನು ಗಿಡ ಇದ್ದವನಲ್ಲ ಎಂಬುದಕ್ಕೆ ನಾನು ಪಣ ಕಟ್ಟಬಲ್ಲೆ. ನಮ್ಮ ಓಣಿಯಲ್ಲಿ ಗಿಡ ಸಾಕಿದವರೆಲ್ಲ ಹೀಗೆ ಮಲಗಿದಲ್ಲೇ ಪುಣ್ಯವಂತರಾಗುತ್ತಿದ್ದಾರೆ, ಪೂಜೆಗೆ ಹೂವು ಮಾತ್ರ ಅಂಗಡಿಯಿಂದ ತರುತ್ತಾರೆ.

ಅಂಗಡಿಯಲ್ಲೂ ಸಿಗದಿದ್ದರೆ? ಅದಕ್ಕೂ ಪುರೋಹಿತರ ಹತ್ತಿರ ಉತ್ತರವಿದೆ. ವಸ್ತ್ರವಿಲ್ಲದಿದ್ದರೆ ಅಕ್ಷತೆ, ಆಭರಣವಿಲ್ಲದಿದ್ದರೆ ಅಕ್ಷತೆ, ಹೂವಿಲ್ಲದಿದ್ದರೂ ಅಕ್ಷತೆ. ಅಮರಸಿಂಹನಿಗೆ ಹೊಳೆಯದ ಆರನೆಯ ಪರ್ಯಾಯಪದ ಅರಿಸಿನ ಹಚ್ಚಿದ ಅಕ್ಕಿಯಾಗಿತ್ತು. ದೇವರು ಇದನ್ನು ಒಪ್ಪಿಕೊಂಡಿದ್ದಾನೆ, ಏಕೆಂದರೆ ಅವನು ಹೂ ಕೊಳ್ಳಲು ಮಾರ್ಕೆಟ್ಟಿಗೆ ಹೋದವನಲ್ಲ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿನಲ್ಲಿ ಕನಕಾಂಬರದ ಬೆಲೆ ಕೇಳಿ ಬಂದವರು ಅಕ್ಷತೆಯ ತತ್ವವನ್ನು ತಕ್ಷಣ ಒಪ್ಪುತ್ತಾರೆ. ಲಕ್ಷ್ಮಿ ಆ ದಿನ ಮೊದಲು ಹೂವಿನವರ ಮನೆಗೆ ಹೋಗಿ ಆಮೇಲೆ ನಮ್ಮ ಮನೆಗೆ ಬರುತ್ತಾಳೆ.

ಹೂ ಅಲ್ಲದ್ದನ್ನೆಲ್ಲ ಹೂ ಎಂದು ಕರೆಯುವುದರಲ್ಲಿ ಕನ್ನಡಿಗರ ಕೈ ಬಹಳ ಧಾರಾಳ. ಎಳೆಯ ಬಿಸಿಲು ಹೂಬಿಸಿಲು. ದೇವರ ದೀಪಕ್ಕೆ ಹತ್ತಿಯನ್ನು ಉಂಡೆ ಮಾಡಿ ತುದಿ ಹೊಸೆದರೆ ಹೂಬತ್ತಿ. ದೀಪಾವಳಿಗೆ ಕಿಡಿ ಕಾರುವ ಮಣ್ಣಿನ ಕುಡಿಕೆ ಹೂಕುಂಡ, ತುಳಸಿಯ ಪಕ್ಕದಲ್ಲಿ ಸುಮ್ಮನೆ ಕೂತ ಮಣ್ಣಿನ ಕುಡಿಕೆಯೂ ಹೂಕುಂಡ. ಯಾವುದಕ್ಕೆ ನೀರು ಹಾಕಬೇಕು, ಯಾವುದಕ್ಕೆ ಬೆಂಕಿ ಹಚ್ಚಬೇಕು ಎಂಬುದು ಬಳಸುವವರ ವಿವೇಕಕ್ಕೆ ಬಿಟ್ಟದ್ದು. ಅನ್ನ ಉದುರುದುರಾಗಿದ್ದರೆ ಮಲ್ಲಿಗೆ ಹೂವಿನ ಹಾಗಿದೆ ಎನ್ನುತ್ತೇವೆ. ಇಡ್ಲಿಗೂ ಅದೇ ಸರ್ಟಿಫಿಕೇಟು. ಹೂಕೋಸನ್ನು ಹೂ ಎಂದು ಒಪ್ಪಿಕೊಂಡರೂ ಅದನ್ನು ಮುಡಿದವರನ್ನು ಕಂಡಿಲ್ಲ. ಇಷ್ಟು ಚಂದದ ಪದವನ್ನು ರೋಗಕ್ಕೂ ಕೊಟ್ಟಿದ್ದೇವೆ. ಕಣ್ಣಿನ ಕರಿಯ ಮೇಲೆ ಬಿಳಿ ಮಚ್ಚೆ ಕಟ್ಟಿ ನೋಟ ಮಸುಕಾದರೆ ‘ಕಣ್ಣಿಗೆ ಹೂ ಬಿದ್ದಿದೆ’ ಎನ್ನುತ್ತಿದ್ದರು ಹಿರಿಯರು. ಕಾಣದೆ ಹೋಗುವ ಸಂಕಟವನ್ನೂ ಅಷ್ಟು ಮೆತ್ತಗೆ ಹೇಳಿದ ಜನ.

ತೆಂಗಿನಕಾಯಿಯ ಪ್ರಕರಣ ಇನ್ನೂ ಸ್ವಾರಸ್ಯದ್ದು. ದೇವಸ್ಥಾನದಲ್ಲಿ ಕಾಯಿ ಒಡೆದಾಗ ಒಳಗೆ ತಿಳಿಹಳದಿ ಬಣ್ಣದ ಮೆತ್ತನೆಯ ಗಡ್ಡೆ ಕಂಡರೆ ಅರ್ಚಕರ ಮುಖ ಅರಳುತ್ತದೆ. “ಹೂ ಬಂದಿದೆ, ನೆನೆಸಿದ್ದು ಆಗುತ್ತದೆ” ಎಂದು ಹೋಳನ್ನು ಎತ್ತಿ ಎಲ್ಲರಿಗೂ ತೋರಿಸುತ್ತಾರೆ. ಕಾಯಿ ತಂದವರಿಗೆ ರ‍್ಯಾಂಕು ಬಂದಷ್ಟು ಸಂತೋಷ. ನಿಜಕ್ಕೂ ಅದು ಹೂವಲ್ಲ. ಮೊಳೆಯಲು ಹೊರಟ ಕಾಯಿಯ ಭ್ರೂಣ ಒಳಗಿನ ತಿರುಳನ್ನೂ ನೀರನ್ನೂ ಹೀರಿಕೊಳ್ಳಲು ಬೆಳೆಸಿಕೊಂಡ ಸ್ಪಂಜಿನಂಥ ಅಂಗ. ಹಳೆಯ ಕಾಯಿ ಎಂಬುದಕ್ಕೆ ಪುರಾವೆ ಅಷ್ಟೆ. ತೆಂಗಿನ ಅಸಲಿ ಹೂ ಮರದ ತುದಿಯಲ್ಲಿ ಹೊಂಬಾಳೆಯಾಗಿ ಬಿರಿದಿರುತ್ತದೆ. ಅದನ್ನು ಯಾರೂ ‘ಹೂ’ ಅನ್ನುವುದಿಲ್ಲ. ಈಗಿನ ಮಕ್ಕಳನ್ನು ಕೇಳಿದರೆ ಹೊಂಬಾಳೆ ಒಂದು ಸಿನಿಮಾ ಕಂಪನಿ.

ಹೂವನ್ನೇ ಹೂ ಎಂದು ಕರೆದಾಗಲಾದರೂ ಲೆಕ್ಕ ಸರಿಹೋಗುತ್ತದೆಯೇ ಎಂದರೆ ಅದೂ ಇಲ್ಲ. ಕಾಂಪೌಂಡಿನ ಮೇಲೆ ಕೆಂಪಗೆ ಗುಲಾಬಿಯಾಗಿ ಹರಡಿಕೊಂಡ ಕಾಗದದ ಹೂವನ್ನು ಹತ್ತಿರ ಹೋಗಿ ನೋಡಿ. ಆ ಬಣ್ಣದ ತೆಳ್ಳನೆಯ ಮೂರು ಹಾಳೆಗಳು ಎಲೆಗಳೇ. ನಡುವೆ ಗುಂಡುಸೂಜಿಯ ತಲೆಯಷ್ಟು ಬಿಳಿ ಬಾಯಿ ಬಿಟ್ಟ ಸಣ್ಣ ನಳಿಕೆಗಳಿವೆಯಲ್ಲ, ಅವು ಹೂ. ಚೆಂಡುಹೂವಿನದು ತಿರುವುಮುರುವು. ನಾವು ಒಂದು ಎಂದು ಎಣಿಸಿ ತೋರಣಕ್ಕೆ ಪೋಣಿಸುವುದರಲ್ಲಿ ಸಣ್ಣ ಸಣ್ಣ ಹೂಗಳ ಒಂದು ಇಡೀ ಸಂತೆ ನೆರೆದಿದೆ. ಪ್ರತಿ ಎಸಳಿನ ಬುಡದಲ್ಲೂ ಒಂದೊಂದು ಸಂಸಾರ. ದಸರೆಗೆ ಅದಿಲ್ಲದೆ ಆಯುಧಪೂಜೆಯಿಲ್ಲ ಎಂಬಷ್ಟು ನಮ್ಮದಾಗಿರುವ ಅದು ಬಂದದ್ದು ಅಮೆರಿಕ ಖಂಡದಿಂದ. ಶಿವನ ದೇವಸ್ಥಾನದ ನಾಗಲಿಂಗಪುಷ್ಪ ದಕ್ಷಿಣ ಅಮೆರಿಕದ್ದು. ಸಂಜೆಮಲ್ಲಿಗೆ ಮಲ್ಲಿಗೆಯ ಕುಲವಲ್ಲ, ಮರಮಲ್ಲಿಗೆಯೂ ಅಲ್ಲ. ಮಲ್ಲಿಗೆಯ ಹೆಸರಿಗೆ ಕನ್ನಡದಲ್ಲಿ ಅಷ್ಟು ಬೆಲೆ ಇರುವುದರಿಂದ, ಕೊಂಚ ಬಿಳುಪು, ಕೊಂಚ ಪರಿಮಳ ಇದ್ದವರೆಲ್ಲ ಆ ಮನೆತನದ ಹೆಸರು ಇಟ್ಟುಕೊಂಡಿದ್ದಾರೆ. ಅತ್ತಿಮರಕ್ಕೆ ಹೂವೇ ಇಲ್ಲ ಎನ್ನುವವರಿದ್ದಾರೆ. ಇದೆ, ಆದರೆ ಅದು ಕಾಯಿಯೊಳಗೇ ಅರಳುತ್ತದೆ. ಅದನ್ನು ಕಾಣುವ ಭಾಗ್ಯ ಒಳಗೆ ನುಗ್ಗುವ ಪುಟ್ಟ ಕಣಜಕ್ಕೆ ಮಾತ್ರ. ‘ಹಣ್ಣು ಬಿಡಿಸಿದರೆ ಹುಳ’ ಎಂದು ನಾವು ಅತ್ತಿಯನ್ನು ಹೀಯಾಳಿಸುತ್ತೇವೆ. ಆ ಹುಳ ಹೂ ನೋಡಲು ಹೋದದ್ದು ಎಂದು ಯಾರೂ ಅದರ ಪರ ವಾದಿಸುವುದಿಲ್ಲ.

ಹೀಗೆ ಶಾಸ್ತ್ರದ ಲೆಕ್ಕಕ್ಕೆ ಸಿಗದ ಹೂವು ಊರ ಹೆಸರುಗಳಲ್ಲಿ, ಮನೆತನಗಳಲ್ಲಿ ನೆಟ್ಟಗೆ ನಿಂತಿದೆ. ವಿಜಯನಗರ ಜಿಲ್ಲೆಯ ಹೂವಿನ ಹಡಗಲಿಯಿಂದ ತುಂಗಭದ್ರೆಯ ಮೇಲೆ ಹಂಪೆಯ ದೇವಸ್ಥಾನಗಳಿಗೆ ಹೂ ಹೋಗುತ್ತಿತ್ತು ಎಂದು ಆ ಕಡೆಯವರು ಹೇಳುತ್ತಾರೆ. ಅಲ್ಲಿನ ಮಲ್ಲಿಗೆಗೆ ಮೈಸೂರು, ಉಡುಪಿಯ ಮಲ್ಲಿಗೆಗಳಂತೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಇದೆ. ಬಸ್ಸಿನ ಕಂಡಕ್ಟರು ಮಾತ್ರ “ಹಡಗಲಿ, ಹಡಗಲಿ” ಎಂದು ಕೂಗಿ ಹೂವನ್ನು ಬೋರ್ಡಿನಲ್ಲೇ ಬಿಟ್ಟು ಹೋಗುತ್ತಾನೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹೂಗಾರರು ಬೆಳಗಾಗುವ ಮೊದಲೇ ಮನೆ ಮನೆಗೆ ಹೂವು-ಪತ್ರಿ ಮುಟ್ಟಿಸಿ ಸುಗ್ಗಿಯಲ್ಲಿ ಕಾಳು ಪಡೆಯುತ್ತಿದ್ದರು. ಇಂದು ಆ ಅಡ್ಡಹೆಸರಿನವರು ಬ್ಯಾಂಕು, ಶಾಲೆ, ಸಾಫ್ಟ್‌ವೇರ್ ಕಂಪನಿ ಎಲ್ಲೆಲ್ಲೋ ಇದ್ದಾರೆ, ಹೆಸರಿನ ಹಲಗೆಯಲ್ಲಿ ಹೂವಿದೆ. ಕುವೆಂಪು ‘ಕಾನೂರು ಹೆಗ್ಗಡಿತಿ’ಯ ನಾಯಕನಿಗೆ ಹೂವಯ್ಯ ಎಂದು ಹೆಸರಿಟ್ಟರು. ‘ಪುಷ್ಪಯ್ಯ’ ಎಂದಿಟ್ಟಿದ್ದರೆ ಆತ ಕಾನೂರಿನ ಕಾಡಿನಲ್ಲಿ ಎರಡು ದಿನವೂ ಬಾಳುತ್ತಿರಲಿಲ್ಲ.

ಗಂಡಸರಿಗೂ ಹೂವಿಗೂ ಹೆಸರಿನ ಆಚೆಗೆ ಇರುವ ಸಂಬಂಧ ಹೇಳಿಕೊಳ್ಳುವಂಥದ್ದಲ್ಲ. ಹೆಂಗಸರು ಹೂ ಮುಡಿಯುತ್ತಾರೆ. ಗಂಡಸರಿಗೆ ಬೇರೆಯವರು ಕಿವಿಯ ಮೇಲೆ ಹೂ ಇಡುತ್ತಾರೆ. ಚೀಟಿ ವ್ಯವಹಾರ, ಸೈಟು ವ್ಯವಹಾರ, ಚುನಾವಣೆ, ಎಲ್ಲದರಲ್ಲೂ ಈ ಹೂ ಇಡುವ ಕಾರ್ಯಕ್ರಮ ಉಂಟು. ಮಜವೆಂದರೆ ಇಟ್ಟಾಗ ಯಾರಿಗೂ ತಿಳಿಯುವುದಿಲ್ಲ. ಹೂವಿನ ಭಾರವೇ ಅಷ್ಟು. ತಿಳಿಯುವುದು ಊರೆಲ್ಲ ನೋಡಿ ನಕ್ಕ ಮೇಲೆ.

ದೇವರೂ ಮಾತಾಡುವುದು ಹೂವಿನಲ್ಲೇ. ಮಲೆನಾಡಿನ, ಕರಾವಳಿಯ ಎಷ್ಟೋ ಗುಡಿಗಳಲ್ಲಿ ಪ್ರಸಾದ ಕೇಳುವ ಪದ್ಧತಿಯಿದೆ. ಮೂರ್ತಿಗೆ ಹೂ ಅಂಟಿಸಿ, ಮನಸ್ಸಿನ ಪ್ರಶ್ನೆ ಹೇಳಿಕೊಂಡು ಕೂರುವುದು. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ಮಗಳ ಮದುವೆ, ಜಮೀನಿನ ಖರೀದಿ, ಬೋರ್‌ವೆಲ್ಲಿನ ಜಾಗ ಎಲ್ಲವೂ ಅಲ್ಲೇ ತೀರ್ಮಾನ. ಅರ್ಧ ಗಂಟೆ ಕಾದರೂ ಎರಡೂ ಬೀಳದಿದ್ದರೆ ಭಟ್ಟರು “ಪ್ರಶ್ನೆ ಸರಿಯಾಗಿ ಕೇಳಿಕೊಳ್ಳಿ” ಎನ್ನುತ್ತಾರೆ. ಎಡಗಡೆ ಬಿದ್ದಾಗ ಕೆಲವು ಭಕ್ತರು “ಹೂ ಗಾಳಿಗೆ ಬಿತ್ತು ಅನ್ನಿಸುತ್ತೆ, ಇನ್ನೊಂದು ಸಲ ನೋಡುವಾ” ಎನ್ನುತ್ತಾರೆ. ಬಲಗಡೆ ಬಿದ್ದಾಗ ಗಾಳಿಯ ಪ್ರಸ್ತಾಪ ಯಾರೂ ಎತ್ತಿದ್ದಿಲ್ಲ.

ಇಷ್ಟು ಹಗುರವಾದ ಪದ ಭಾರವಾಗುವ ಒಂದು ಜಾಗವೂ ಇದೆ. ನಮ್ಮ ದೊಡ್ಡಜ್ಜಿಯ ಹಿತ್ತಿಲಲ್ಲಿ ದುಂಡುಮಲ್ಲಿಗೆ, ಜಾಜಿ, ಕನಕಾಂಬರ ಎಲ್ಲ ಇತ್ತು. ಅವರೇ ನೀರು ಹಾಕುತ್ತಿದ್ದರು, ಅವರೇ ಬಿಡಿಸುತ್ತಿದ್ದರು. ಸಂಜೆ ಜಗುಲಿಯಲ್ಲಿ ಕಾಲು ಚಾಚಿ, ನೆನೆಸಿದ ಬಾಳೆನಾರಿನ ಒಂದು ತುದಿಯನ್ನು ಹೆಬ್ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಎರಡು ಮೊಗ್ಗು ಆಚೆ ಮುಖ, ಎರಡು ಮೊಗ್ಗು ಈಚೆ ಮುಖ, ತೊಟ್ಟುಗಳು ನಡುವೆ ಕೂಡಿದ ಕಡೆ ನಾರಿನ ಒಂದು ಸುತ್ತು, ಬೆರಳ ಸಂದಿನಿಂದ ಒಂದು ಕುಣಿಕೆ, ಒಂದು ಎಳೆತ. ಹೆಚ್ಚು ಎಳೆದರೆ ತೊಟ್ಟು ತುಂಡಾಗುತ್ತದೆ, ಕಡಿಮೆ ಎಳೆದರೆ ಮೊಗ್ಗು ಜಾರುತ್ತದೆ. ನೋಡದೆಯೇ ಕಟ್ಟುತ್ತಾ, ದಾರಿಯಲ್ಲಿ ಹೋಗುವವರ ಸಮಾಚಾರವನ್ನೆಲ್ಲ ವಿಚಾರಿಸುತ್ತಿದ್ದರು. ಕಟ್ಟಿದ ದಂಡೆ ತುಂಡು ತುಂಡಾಗಿ ಸೊಸೆಯರಿಗೆ, ಮೊಮ್ಮಕ್ಕಳಿಗೆ, ಪಕ್ಕದ ಮನೆಯವರಿಗೆ, ದೇವರಿಗೆ ಹೋಗುತ್ತಿತ್ತು. ಬೆಳೆಸು, ಬಿಡಿಸು, ಕಟ್ಟು, ಏರಿಸು, ಮುಡಿ ಎಂಬ ಐದು ಕ್ರಿಯಾಪದಗಳಲ್ಲಿ ನಾಲ್ಕು ಮಾತ್ರ ಅವರ ಪಾಲಿಗೆ ಉಳಿದಿದ್ದವು. ಅಜ್ಜ ಹೋದ ದಿನ ಐದನೆಯದನ್ನು ಊರವರು ವಾಪಸು ತೆಗೆದುಕೊಂಡಿದ್ದರು. ಈಗ ಆ ಕಟ್ಟು ಬಹಳ ಮನೆಗಳಲ್ಲಿ ಸಡಿಲವಾಗಿದೆ, ಕೆಲವು ಹೆಣ್ಣುಮಕ್ಕಳು ಯಾರನ್ನೂ ಕೇಳದೆ ಮುಡಿಯುತ್ತಾರೆ. ಒಳ್ಳೆಯದೇ ಆಯಿತು. ‘ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು’ ಎಂದು ಗಾದೆ ಮಾಡಿದವರು, ಆ ನಾರನ್ನು ಹಿಡಿದ ಕೈಯ ಬಗ್ಗೆ ಒಂದು ಮಾತೂ ಆಡಿಲ್ಲ.

ಕಟ್ಟಿದ ಹೂವಿಗೆ ಅಳತೆ ಮೊಳ. ಮೊಣಕೈಯಿಂದ ನಡುಬೆರಳ ತುದಿಯವರೆಗೆ. ಕಿಲೋಮೀಟರು, ಕಿಲೋಗ್ರಾಮು ಬಂದು ಇಷ್ಟು ವರ್ಷವಾದರೂ ಈ ಅಳತೆಯನ್ನು ಯಾವ ಸರ್ಕಾರವೂ ಅಲುಗಾಡಿಸಿಲ್ಲ. ಮೊಳದ ಗುಟ್ಟೆಂದರೆ ಅದು ಮಾರುವವರ ಮೊಳ, ಕೊಳ್ಳುವವರದ್ದಲ್ಲ. ಗಿಡ್ಡ ಕೈಯವರಿಗೆ ಈ ವ್ಯಾಪಾರದಲ್ಲಿ ಹುಟ್ಟಿನಿಂದಲೇ ಲಾಭ. ಕರಾವಳಿಯವರು ಈ ವಿಷಯದಲ್ಲಿ ಕರಾರುವಾಕ್ಕು. ಶಂಕರಪುರದ ಮಲ್ಲಿಗೆ ಮೊಳಕ್ಕೆ ಸಿಗುವುದಿಲ್ಲ, ಎಣಿಕೆಗೆ ಸಿಗುತ್ತದೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಟ್ಟೆಗೆ ಇಷ್ಟು ಎಂದು ಪ್ರತಿದಿನ ದರ ನಿಗದಿಯಾಗುತ್ತದೆ, ಉಡುಪಿ-ಮಂಗಳೂರಿನ ಕಟ್ಟೆಗಳಲ್ಲೆಲ್ಲ ಅದೇ ಮಾತು. ಚಿನ್ನದ ಪೇಟೆಯಂತೆ ಮಲ್ಲಿಗೆಗೂ ಬೆಳಗಿನ ದರ ಕೇಳುವ ಜನ ಅವರು. ಅಬ್ಬಲಿಗೆ ಎಂದರೆ ಅವರಿಗೆ ನಮ್ಮ ಕನಕಾಂಬರ. ಒಂದೇ ಹೂವಿಗೆ ಎರಡು ಹೆಸರು ಎನ್ನಬಹುದು. ಆದರೆ ಕನಕಾಂಬರ ಮುಡಿದವಳು ಮೈಸೂರಿನ ಬಸ್ಸು ಹತ್ತುತ್ತಾಳೆ, ಅಬ್ಬಲಿಗೆ ಮುಡಿದವಳು ಕುಂದಾಪುರದ ಬಸ್ಸು ಹತ್ತುತ್ತಾಳೆ.

ಸರ್ಕಾರಕ್ಕೂ ಒಮ್ಮೆ ಈ ಪದಗಳ ನಡುವಿನ ವ್ಯತ್ಯಾಸ ಹೊಳೆದಿತ್ತು ಅನ್ನಿಸುತ್ತದೆ. 2021ರಲ್ಲಿ ಸರ್ಕಾರಿ ಸಮಾರಂಭಗಳಲ್ಲಿ ಹಾರ, ತುರಾಯಿ, ಹೂಗುಚ್ಛ, ಶಾಲು ಬೇಡ, ಬೇಕಿದ್ದರೆ ಕನ್ನಡ ಪುಸ್ತಕ ಕೊಡಿ ಎಂದು ಅಪ್ಪಣೆಯಾಯಿತು. 2023ರಲ್ಲಿ ಬಂದ ಹೊಸ ಮುಖ್ಯಮಂತ್ರಿಗಳೂ ಪುಸ್ತಕವೇ ಇರಲಿ ಎಂದರು. ಹೂ ಬೆಳೆಯುವವರಿಗೆ ಬೇಸರವಾಗಿದ್ದು ಸಹಜ. ಪುಸ್ತಕ ಬರೆಯುವವನಾದ ನಾನು ಯಾವ ಪಕ್ಷ ವಹಿಸಬೇಕೆಂದು ಯೋಚಿಸಿದೆ. ಹಾರವಾದರೆ ಮೇಜಿನ ಮೇಲೆ ಸಂಜೆಗೆ ಬಾಡುತ್ತದೆ. ಪುಸ್ತಕ ಬಾಡುವುದಿಲ್ಲ, ಆದರೆ ಎಷ್ಟು ಮಂತ್ರಿಗಳ ಮನೆಯಲ್ಲಿ ಅದು ಅರಳುತ್ತದೆ ಎಂಬುದು ಇನ್ನೊಂದು ಪ್ರಶ್ನೆ. ಗಮನಿಸಿದ್ದೇನೆಂದರೆ, ಆಣೆಕಟ್ಟು ಕಟ್ಟಿದ್ದು ಗುಚ್ಛಕ್ಕೆ, ತುರಾಯಿಗೆ, ಹಾರಕ್ಕೆ. ಬಿಡಿ ಹೂವಿನ ತಂಟೆಗೆ ಯಾವ ಸುತ್ತೋಲೆಯೂ ಹೋಗಲಿಲ್ಲ. ಹೋಗಲು ಅದು ಸರ್ಕಾರದ ಕಣ್ಣಿಗೆ ಬೀಳುವ ಜಾಗದಲ್ಲಿ ಇಲ್ಲ. ಹೂವು ಹೋಗುವುದು ಹಿತ್ತಿಲ ಬಾಗಿಲಿನಿಂದ ಹಿತ್ತಿಲ ಬಾಗಿಲಿಗೆ, ಎಲೆಯಲ್ಲಿ ಮಡಿಸಿ, ಸೆರಗಿನ ಮರೆಯಲ್ಲಿ.

ಪ್ರಶ್ನೆಪತ್ರಿಕೆ ತೆಗೆಯುವವರಿಗೆ ನನ್ನದೊಂದು ವಿನಂತಿಯಿದೆ. ಮುಂದಿನ ವರ್ಷ ಸಮಾನಾರ್ಥಕ ಪದ ಕೇಳುವುದನ್ನು ಬಿಟ್ಟು, ‘ಪುಷ್ಪಕ್ಕೂ ಹೂವಿಗೂ ಇರುವ ವ್ಯತ್ಯಾಸವನ್ನು ಉದಾಹರಣೆಯೊಂದಿಗೆ ವಿವರಿಸಿ’ ಎಂದು ಐದು ಅಂಕಕ್ಕೆ ಕೇಳಲಿ. ಉತ್ತರ ನನ್ನ ಹತ್ತಿರವಿದೆ. ಪುಷ್ಪವನ್ನು ಸಮರ್ಪಿಸುತ್ತಾರೆ, ಫೋಟೋ ತೆಗೆಸಿಕೊಂಡು ಇಳಿಯುತ್ತಾರೆ. ಹೂವನ್ನು ಕೊಡುತ್ತಾರೆ, ಕೊಟ್ಟ ಮೇಲೆ ನಿಲ್ಲುತ್ತಾರೆ. ಮೊಳ ಹಾಕಿ ಮುಗಿದ ಮೇಲೂ ಹೂವಿನವಳು ನಾಲ್ಕು ಬೆರಳಷ್ಟು ಕೊಸರು ಸೇರಿಸಿ ಹಲ್ಲಿನಲ್ಲಿ ನಾರು ಕಡಿಯುತ್ತಾಳಲ್ಲ, ಆ ಕೊಸರು ಪುಷ್ಪಗುಚ್ಛದ ಅಂಗಡಿಯಲ್ಲಿ ಎಷ್ಟು ದುಡ್ಡು ಕೊಟ್ಟರೂ ಸಿಗುವುದಿಲ್ಲ. ಪುಷ್ಪಗುಚ್ಛ ತಂದವರಿಗೆ ಬಾಗಿಲಲ್ಲೇ ಧನ್ಯವಾದ ಹೇಳಿ ಕಳಿಸಬಹುದು. ಹಿತ್ತಿಲಿನ ಎರಡು ಗೇಣು ಮಲ್ಲಿಗೆ ಹಿಡಿದು ಬಂದ ಪಕ್ಕದ ಮನೆಯಾಕೆಯನ್ನು ಕಾಫಿ ಕುಡಿಸದೆ, ಅವರ ಮಗಳ ಗಂಡಿನ ವಿಷಯ ಎಲ್ಲಿಗೆ ಬಂತೆಂದು ಕೇಳದೆ, ಹೋಗುವಾಗ ಕುಂಕುಮ ಕೊಡದೆ ಕಳಿಸಿದರೆ, ಮಾರನೆಯ ದಿನದಿಂದ ಪೂಜೆಗೆ ಅಕ್ಷತೆಯೇ ಗತಿ.